ಬೇಡ ಎನ್ನುವ ಹಕ್ಕು: ಕಡುಬಡವರ ಮನೆಗೆ ಹೋಗುವ ಕ್ರೈಸ್ತ ಸೇವಾ ತಂಡಗಳ ಬಗ್ಗೆ ಒಂದು ಸಮೀಕ್ಷೆ

ಅಮೆರಿಕದ ಗಡಿಗೆ ಅಂಟಿಕೊಂಡಿರುವ ಮೆಕ್ಸಿಕೋದ ತಿಹುವಾನಾ ನಗರದ ಹೊರವಲಯದ ಗುಡ್ಡಗಳಲ್ಲಿ ಎರಡೇ ದಿನಕ್ಕೆ ಮನೆ ಎದ್ದು ನಿಲ್ಲುವುದುಂಟು. ಗಡಿ ದಾಟಿ ವ್ಯಾನುಗಳು ಬರುತ್ತವೆ. ಒಂದೇ ಬಣ್ಣದ ಟೀ ಶರ್ಟು ತೊಟ್ಟ ಇಪ್ಪತ್ತು ಮಂದಿ ಇಳಿಯುತ್ತಾರೆ. ಹೆಚ್ಚಿನವರು ಯಾವುದೋ ಚರ್ಚಿನ ಯುವಜನರು, ಜೊತೆಗೆ ಬಡಗಿ ಕೆಲಸ ಬಲ್ಲ ಒಬ್ಬಿಬ್ಬರು ಹಿರಿಯರು. ಕಾಂಕ್ರೀಟಿನ ನೆಲ ಮೊದಲೇ ಹಾಕಿಟ್ಟಿರುತ್ತದೆ. ಹಲಗೆ ಕೊಯ್ದು ಗೋಡೆ ಎಬ್ಬಿಸಿ, ಮಾಡು ಹೊದಿಸಿ, ಬಣ್ಣ ಬಳಿದು, ಎರಡನೆಯ ದಿನ ಇಳಿಹೊತ್ತಿಗೆ ಮನೆಯಾಕೆಯ ಕೈಗೆ ಕೀಲಿಕೈ ಇಡುತ್ತಾರೆ. ಎಲ್ಲರೂ ಸುತ್ತ ನಿಂತು ಪ್ರಾರ್ಥಿಸುತ್ತಾರೆ. ಕೊಟ್ಟವರೂ ಅಳುತ್ತಾರೆ, ತೆಗೆದುಕೊಂಡವರೂ ಅಳುತ್ತಾರೆ. ತಗಡು, ರಟ್ಟು, ಹಳೆಯ ಟಯರುಗಳ ನಡುವೆ ಮಕ್ಕಳನ್ನು ಮಲಗಿಸುತ್ತಿದ್ದ ಕುಟುಂಬಕ್ಕೆ ಸೋರದ ಸೂರೊಂದು ಸಿಕ್ಕಿರುತ್ತದೆ. ಇದರಲ್ಲಿ ಸುಳ್ಳು ಏನೂ ಇಲ್ಲ.

ಆದರೂ ಈ ದೃಶ್ಯದ ಸುತ್ತ ಐವತ್ತು ವರ್ಷಗಳಿಗೂ ಮೀರಿ ಬಿಸಿಯಾದ ಚರ್ಚೆ ನಡೆದಿದೆ. ಚರ್ಚಿಸಿದವರಲ್ಲಿ ಹೊರಗಿನ ಟೀಕಾಕಾರರಿಗಿಂತ ಕ್ರೈಸ್ತರೇ ಹೆಚ್ಚು: ಪಾದ್ರಿಗಳು, ದೇವತಾಶಾಸ್ತ್ರಜ್ಞರು, ಮಿಷನ್ ಸಂಸ್ಥೆಗಳಲ್ಲಿ ದುಡಿದು ತಲೆ ಹಣ್ಣಾದವರು. ವಿಶ್ವಬ್ಯಾಂಕಿನ ಅಳತೆಯಲ್ಲಿ ಕಡುಬಡತನವೆಂದರೆ ದಿನಕ್ಕೆ ತಲಾ 3 ಡಾಲರಿಗಿಂತ ಕಡಿಮೆಯಲ್ಲಿ ಬದುಕುವುದು. 2025ರ ಜೂನ್‌ವರೆಗೆ ಈ ಗೆರೆ 2.15 ಡಾಲರಿನಲ್ಲಿತ್ತು. ಹಾಗೆ ಬದುಕುವ ಒಂದು ಮನೆಗೆ ದೂರದ ದೇಶದ ವಿಶ್ವಾಸಿಗಳು ಒಂದು ವಾರಕ್ಕೆ ಬಂದು ಹೋದರೆ ಆ ಮನೆಯಲ್ಲಿ ಏನು ಉಳಿಯುತ್ತದೆ? ಸೂರು ಉಳಿಯುತ್ತದೆ, ನಿಜ. ಕನ್ನಡದಲ್ಲಿ ನಾವು ಹಂಗು ಎನ್ನುತ್ತೇವಲ್ಲ, ಅದೂ ಉಳಿಯುತ್ತದೆಯೆ? ಈ ಚರ್ಚೆಯನ್ನು ಓದುತ್ತಾ ಹೋದಂತೆ ಇದೊಂದು ಪದ ನನ್ನನ್ನು ಬಿಡದೆ ಕಾಡಿದೆ. ಹಣ, ಫಲಿತಾಂಶ, ದೇವತಾಶಾಸ್ತ್ರ ಎಂದು ವಾದಗಳು ಹಲವು ದಾರಿ ಹಿಡಿದರೂ ಕೊನೆಗೆ ಅವು ಬಂದು ನಿಲ್ಲುವುದು ಇಲ್ಲಿಯೇ: ಆ ಮನೆಯವರಿಗೆ ‘ಬೇಡ’ ಎನ್ನಲು ಸಾಧ್ಯವಿತ್ತೆ?

ಪೌಲನ ಹಣದ ಚೀಲದಿಂದ ಮಂಗಳೂರಿನ ಹಂಚಿನವರೆಗೆ

ದೂರದ ಬಡವರಿಗಾಗಿ ಪ್ರಯಾಣ ಮಾಡುವುದು ಕ್ರೈಸ್ತಧರ್ಮದಷ್ಟೇ ಹಳೆಯದು. ಅಪೊಸ್ತಲ ಪೌಲನು ಮಕೆದೋನ್ಯ, ಅಖಾಯ ಸೀಮೆಗಳ ಸಭೆಗಳಿಂದ ಹಣ ಕೂಡಿಸಿ ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಒಯ್ದ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8 ಮತ್ತು 9ನೆಯ ಅಧ್ಯಾಯಗಳು ಈ ಕಾಣಿಕೆಯ ವಿಚಾರಕ್ಕೇ ಮೀಸಲು. ಅಲ್ಲಿ ಎರಡು ಅಂಶಗಳು ಎದ್ದು ಕಾಣುತ್ತವೆ. ಮಕೆದೋನ್ಯದವರು ತಾವೇ ಕಡುಬಡವರಾಗಿದ್ದು ಕೊಟ್ಟರು. ಕೊಡುವುದರ ಗುರಿ ಸಮಾನತೆ, ಇಂದು ನಮ್ಮಲ್ಲಿರುವುದು ನಿಮಗೆ, ನಾಳೆ ನಿಮ್ಮಲ್ಲಿರುವುದು ನಮಗೆ ಎಂಬ ಲೆಕ್ಕ. ಮುಂದಿನ ಚರ್ಚೆಗಳಲ್ಲಿ ಎಲ್ಲ ಪಂಥದವರೂ ಈ ಅಧ್ಯಾಯಗಳಿಗೆ ಮರಳುತ್ತಾರೆ.

ಹತ್ತೊಂಬತ್ತನೆಯ ಶತಮಾನದ ಮಿಷನರಿಗಳು ಒಂದು ವಾರಕ್ಕೆ ಬಂದವರಲ್ಲ. ಭಾಷೆ ಕಲಿತು, ಎಷ್ಟೋ ಜನ ಇಲ್ಲಿಯೇ ಮಣ್ಣಾದರು. ಆದರೆ ಬಡತನದ ಪ್ರಶ್ನೆ ಅವರನ್ನು ಆಗಲೇ ಇಕ್ಕಟ್ಟಿಗೆ ಸಿಕ್ಕಿಸಿತ್ತು. ಅದರ ಒಂದು ಸ್ಪಷ್ಟ ಉದಾಹರಣೆ ನಮ್ಮ ಕರಾವಳಿಯಲ್ಲಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೂಲಕ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ ಮಂದಿ. ಶೇಂದಿ ಇಳಿಸುವ ಮೂರ್ತೆ ಕಸುಬನ್ನು ಮಿಷನ್ ಒಪ್ಪಲಿಲ್ಲ. ಮತ ಬದಲಿಸಿದವರಿಗೆ ನಂಟರ ಆಸರೆಯೂ ತಪ್ಪಿತು, ಗೇಣಿಯ ಗದ್ದೆಯೂ ಹಲವರ ಕೈಬಿಟ್ಟಿತು. ದೇವರನ್ನು ಬದಲಿಸಿದ ಕುಟುಂಬ ಹಸಿವಿಗೆ ಬಿದ್ದರೆ ಹೊಣೆ ಯಾರದು? ಮಿಷನರಿಗಳು ಅಕ್ಕಿ ಹಂಚುವುದಕ್ಕಿಂತ ಕೆಲಸ ಕೊಡುವುದು ಲೇಸೆಂದುಕೊಂಡರು. 1841ರಲ್ಲಿ ಮುದ್ರಣಾಲಯ ಬಂತು. 1851ರಲ್ಲಿ ಬಂದ ಜಾನ್ ಹಾಲರ್ ನೇಯ್ಗೆಯ ಕಾರ್ಖಾನೆ ಬೆಳೆಸಿದ, ಖಾಕಿ ಬಣ್ಣಕ್ಕೆ ಹೆಸರಾದ. 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ತೆರೆದ. ಮಂಗಳೂರು ಹಂಚು ಎಂದು ಇಂದಿಗೂ ಹೆಸರಿರುವ ಆ ಹಂಚು ಹುಟ್ಟಿದ್ದು ಬಡವಿಶ್ವಾಸಿಗಳಿಗೆ ಕೂಲಿ ಹುಟ್ಟಿಸುವ ಆ ಹುಡುಕಾಟದಲ್ಲಿ. ಭಿಕ್ಷೆಗಿಂತ ಕೂಲಿಗೆ ಮರ್ಯಾದೆ ಹೆಚ್ಚು ಎಂಬ ಅವರ ನಿಲುವು ಸರಿಯಾಗಿಯೇ ಇತ್ತು. ಆದರೆ ಪ್ರಾರ್ಥನೆ ನಡೆಸುವ ಮಿಷನ್ನೇ ಸಂಬಳ ಕೊಡುವ ಧಣಿಯೂ ಆದಾಗ ಹಂಗು ಪೂರ್ತಿ ಹರಿಯಲಿಲ್ಲ, ರೂಪ ಬದಲಿಸಿತು. ಈ ತೊಡಕನ್ನು ಮಿಷನ್ನಿನ ಒಳಗಿನವರೇ ಆಗ ಚರ್ಚಿಸಿದ್ದರು.

ಆಂಧ್ರದ ಒಂಗೋಲಿನಲ್ಲಿ ಅದೇ ಪ್ರಶ್ನೆ ಇನ್ನೂ ಕಠಿಣವಾಗಿ ಎದುರಾಯಿತು. 1876–78ರ ಭೀಕರ ಬರಗಾಲದಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆಯ ಮೂರು ಮೈಲಿ ಅಗೆತದ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಡಿಸಿದ. ದೀಕ್ಷಾಸ್ನಾನ ಕೇಳಿ ಬಂದವರನ್ನು ಮಾತ್ರ ಬರಗಾಲ ಮುಗಿಯುವತನಕ ಹಿಂದಕ್ಕೆ ಕಳಿಸಿದ. ಅಕ್ಕಿಗಾಗಿ ಕ್ರೈಸ್ತರಾದರು ಎಂಬ ಮಾತು ಬರಬಾರದೆಂದು. ಅನ್ನದ ಹಂಗಿನಲ್ಲಿರುವವನ ‘ಹೌದು’ ಎಂಬ ಮಾತಿಗೆ ಬೆಲೆ ಕಟ್ಟುವಂತಿಲ್ಲ ಎಂದು ತಿಳಿದು ನಡೆದುಕೊಂಡ ಮಿಷನರಿಯಾಗಿ ಕ್ಲಫ್ ನನಗೆ ಮುಖ್ಯನಾಗಿ ಕಾಣುತ್ತಾನೆ. ಬರ ತಗ್ಗಿದ ಮೇಲೆ, 1878ರ ಜುಲೈ 3ರಂದು ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ಆ ಸಂಖ್ಯೆಯನ್ನು ಹೇಗೆ ಓದಬೇಕು ಎಂಬ ವಾದ ಇಂದಿಗೂ ಇದೆ.

ಅದೇ ಶತಮಾನದ ನಡುವಿನಲ್ಲಿ ಹೆನ್ರಿ ವೆನ್, ರೂಫಸ್ ಆಂಡರ್ಸನ್ ಎಂಬ ಇಬ್ಬರು ಮಿಷನ್ ಆಡಳಿತಗಾರರು, ಹೊಸ ಸಭೆಗಳು ತಮ್ಮನ್ನು ತಾವೇ ಆಳಿಕೊಳ್ಳಬೇಕು, ಪೋಷಿಸಿಕೊಳ್ಳಬೇಕು, ಹಬ್ಬಿಸಿಕೊಳ್ಳಬೇಕು ಎಂಬ ಮೂರು ಸೂತ್ರ ಹೇಳಿದ್ದರು. ಸೂತ್ರ ಕಾಗದದಲ್ಲಿ ಉಳಿದದ್ದೇ ಹೆಚ್ಚು. 1910ರ ಎಡಿನ್‌ಬರೋ ಮಿಷನರಿ ಸಮ್ಮೇಳನದಲ್ಲಿ ತಿರುನೆಲ್ವೇಲಿ ಸೀಮೆಯ ವಿ. ಎಸ್. ಅಜರಾಯ ಎದ್ದು ನಿಂತು, ನೀವು ತ್ಯಾಗ ಮಾಡಿದ್ದೀರಿ, ದಾನ ಕೊಟ್ಟಿದ್ದೀರಿ, ಈಗ ನಮಗೆ ಬೇಕಾಗಿರುವುದು ಸ್ನೇಹಿತರು ಎಂಬರ್ಥದ ಮಾತಾಡಿದಾಗ ಸಭೆ ಕಲಕಿಹೋಯಿತು. ಎರಡು ವರ್ಷಗಳ ಬಳಿಕ ಅವರು ದೋರ್ನಕಲ್‌ನಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದರು. ಸ್ನೇಹಿತನಿಗೆ ‘ಬೇಡ’ ಎನ್ನಬಹುದು. ದಾನಿಗೆ ಹಾಗೆನ್ನಲು ನಾಲಗೆ ಏಳುವುದಿಲ್ಲ. ಅಜರಾಯ ಗುರುತಿಸಿದ್ದು ಈ ಅಂತರವನ್ನೇ ಎಂದು ನಾನು ಓದುತ್ತೇನೆ.

ವಿಮಾನ ಅಗ್ಗವಾದ ಮೇಲೆ

ಇಂದಿನ ಕಿರು ಅವಧಿಯ ಮಿಷನ್ ಪ್ರವಾಸದ ಬೇರು ಎರಡನೆಯ ಮಹಾಯುದ್ಧದ ಬಳಿಕದ್ದು. 1957ರಲ್ಲಿ ಜಾರ್ಜ್ ವರ್ವರ್ ಎಂಬ ಕಾಲೇಜು ಹುಡುಗ ಇಬ್ಬರು ಗೆಳೆಯರೊಡನೆ ಮೆಕ್ಸಿಕೋಗೆ ಹೋದ. ಅದೇ ಮುಂದೆ ಆಪರೇಷನ್ ಮೊಬಿಲೈಸೇಷನ್ ಆಯಿತು. 1960ರಲ್ಲಿ ಲೋರನ್ ಕನಿಂಗ್‌ಹ್ಯಾಮ್ ಯೂತ್ ವಿತ್ ಎ ಮಿಷನ್ ಕಟ್ಟಿದ. ವಿಮಾನದ ದರ ಇಳಿಯಿತು, ಕಾಲೇಜಿಗೆ ಹೋಗುವವರು ಹೆಚ್ಚಾದರು, ಬೇಸಿಗೆ ರಜೆ ಇತ್ತು. ಜೀವಮಾನದ ಮುಡಿಪು ಬೇಸಿಗೆಯೊಂದರ ಅನುಭವವಾಯಿತು, ಆಮೇಲೆ ಒಂದು ವಾರಕ್ಕೆ ಇಳಿಯಿತು. ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್‌ನೌ 2005ರ ಸಮೀಕ್ಷೆಯ ಆಧಾರದಲ್ಲಿ ಮಾಡಿದ ಅಂದಾಜಿನಂತೆ ವರ್ಷಕ್ಕೆ ಸುಮಾರು 16 ಲಕ್ಷ ಅಮೆರಿಕನ್ ಚರ್ಚ್ ಸದಸ್ಯರು ಹೀಗೆ ಹೊರದೇಶಗಳಿಗೆ ಹೋಗುತ್ತಿದ್ದರು.

ಎದುರುಮಾತು ಬಹುಬೇಗ ಬಂತು. 1968ರ ಏಪ್ರಿಲ್ 20ರಂದು ಮೆಕ್ಸಿಕೋದ ಕ್ವೆರ್ನಾವಾಕಾದಲ್ಲಿ ಆಗಿನ್ನೂ ಕ್ಯಾಥೋಲಿಕ್ ಪಾದ್ರಿಯಾಗಿದ್ದ ಇವಾನ್ ಇಲಿಚ್, ಸೇವೆಗೆಂದು ಬಂದಿದ್ದ ಅಮೆರಿಕನ್ ವಿದ್ಯಾರ್ಥಿಗಳ ಮುಂದೆ ನಿಂತು ನೀವು ಸಹಾಯ ಮಾಡಲು ಬರಬೇಡಿ ಎಂದ. ನೋಡಲು ಬನ್ನಿ, ಕಲಿಯಲು ಬನ್ನಿ, ಬೆಟ್ಟ ಹತ್ತಲು ಬನ್ನಿ. ಸೇವೆಯೇ ಮಾಡಬೇಕೆಂದಿದ್ದರೆ ನಿಮ್ಮ ಭಾಷೆಯಲ್ಲೇ ನಿಮ್ಮನ್ನು ಬೈದು ಹೊರಗಟ್ಟಬಲ್ಲವರ ನಡುವೆ, ನಿಮ್ಮದೇ ಊರಿನ ಬಡವರ ಕೇರಿಯಲ್ಲಿ ಮಾಡಿ ಎಂಬುದು ಆ ಭಾಷಣದ ತಿರುಳು. ಭಾಷಣದ ಕಟುತನವನ್ನಷ್ಟೇ ಎಲ್ಲರೂ ನೆನೆಯುತ್ತಾರೆ. ನನಗೆ ಈ ಕೊನೆಯ ಮಾತೇ ಅದರ ಜೀವಾಳ. ನಿರಾಕರಿಸಲು ಬರದವರ ಮೇಲೆ ನಡೆಸುವ ಸೇವೆ ಸೇವೆಯಲ್ಲ ಎಂಬುದು ಅವನ ಮಾತಿನ ಅರ್ಥ.

ಮೂರು ವರ್ಷಗಳಲ್ಲಿ ಕೀನ್ಯಾದ ಪ್ರೆಸ್ಬಿಟೇರಿಯನ್ ನಾಯಕ ಜಾನ್ ಗಾಟು ಅಮೆರಿಕದ ಮಿಲ್ವಾಕಿಯಲ್ಲಿ ನಿಂತು, ಸ್ವಲ್ಪ ಕಾಲ ಮಿಷನರಿಗಳನ್ನೂ ಹಣವನ್ನೂ ಕಳಿಸುವುದು ನಿಲ್ಲಿಸಿ, ನಮ್ಮ ಕಾಲ ಮೇಲೆ ನಾವು ನಿಲ್ಲುವುದನ್ನು ಕಲಿಯುತ್ತೇವೆ ಎಂದ. ಪ್ರವಾಸಗಳು ನಿಲ್ಲಲಿಲ್ಲ, ಬೆಳೆದವು.

ಹೋಗಿಬರುವುದರಲ್ಲೇ ಸತ್ವವಿದೆ ಎನ್ನುವವರು

ಪ್ರವಾಸಗಳ ಪರ ನಿಂತವರ ವಾದವನ್ನು ಹಗುರ ಮಾಡುವುದು ಅನ್ಯಾಯ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಹಸಿದವನಿಗೆ ಊಟ ಕೊಟ್ಟದ್ದಷ್ಟೇ ಅಲ್ಲ, ರೋಗಿಯನ್ನೂ ಸೆರೆಯಲ್ಲಿದ್ದವನನ್ನೂ ಹೋಗಿ ಕಂಡದ್ದೂ ಲೆಕ್ಕಕ್ಕೆ ಬರುತ್ತದೆ. ಚೆಕ್ಕು ಕಳಿಸಿ ಮನೆಯಲ್ಲಿ ಕೂರುವ ಕ್ರೈಸ್ತನಿಗೆ ಬಡತನ ಒಂದು ಅಂಕಿಯಾಗಿಯೇ ಉಳಿಯುತ್ತದೆ. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವುದನ್ನು ಕಂಡವನು ಹಾಗೇ ಉಳಿಯಲಾರ ಎಂಬುದು ಅವರ ನಂಬಿಕೆ. ದೇವರೇ ಮನುಷ್ಯನಾಗಿ ನಮ್ಮ ನಡುವೆ ಬಂದ ಎಂದು ನಂಬುವ ಧರ್ಮಕ್ಕೆ ಎದುರಿಗೆ ಬಂದು ನಿಲ್ಲುವುದು ಸಣ್ಣ ವಿಷಯವಲ್ಲ.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಮಾನವಶಾಸ್ತ್ರಜ್ಞ ರಾಬರ್ಟ್ ಪ್ರೀಸ್ಟ್ ಪೆರುವಿನ ಸಭೆಗಳ ನಡುವೆ ಕೆಲಸ ಮಾಡಿ ಬೇರೊಂದು ಲಾಭವನ್ನು ತೋರಿಸಿದ. ಕ್ಯಾಥೋಲಿಕ್ ಬಹುಸಂಖ್ಯೆಯ ದೇಶದಲ್ಲಿ ಬಡ, ಸಣ್ಣ ಪ್ರೊಟೆಸ್ಟಂಟ್ ಸಭೆಗೆ ಶಾಲೆ, ಕಚೇರಿಗಳ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ವಿದೇಶಿ ತಂಡ ಜೊತೆಗಿದ್ದರೆ ತೆರೆಯುತ್ತದೆ. ತಂಡ ಮರಳಿದ ಮೇಲೂ ಆ ಪರಿಚಯ ಸಭೆಯ ಬಳಿ ಉಳಿಯುತ್ತದೆ. ಇಟ್ಟಿಗೆ ಹೊತ್ತದ್ದಕ್ಕಿಂತ ದೊಡ್ಡ ಉಪಕಾರ ಅದು, ಹೊತ್ತವರಿಗೆ ಅದರ ಅರಿವೂ ಇರುವುದಿಲ್ಲ.

ಇದೇ ಬಗೆಯ ತಂಡದೊಡನೆ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿ ಅಧ್ಯಯನ ಮಾಡಿದ ಬ್ರಯನ್ ಹೋವೆಲ್ 2012ರ ತನ್ನ ಪುಸ್ತಕದಲ್ಲಿ ಇನ್ನೊಂದು ಮಗ್ಗುಲು ತೋರಿಸುತ್ತಾನೆ. ಹೋಗುವ ಮುನ್ನವೇ ಮರಳಿ ಬಂದು ಹೇಳಬೇಕಾದ ಕಥೆ ಸಿದ್ಧವಾಗಿರುತ್ತದೆ. ತ್ಯಾಗ, ಸಂತೋಷದಿಂದಿರುವ ಬಡವರು, ಬದಲಾದ ನಾನು. ಆ ಕಥೆಯ ಚೌಕಟ್ಟಿಗೆ ಹೊಂದದೆ ಹೋದದ್ದು, ಅಂದರೆ ಆ ಬಡತನ ಎಲ್ಲಿಂದ ಬಂತು ಎಂಬುದು, ಕಣ್ಣಿಗೆ ಬೀಳುವುದೇ ಇಲ್ಲ.

ಹೊಂಡುರಾಸಿನ ಮನೆಗಳು

ಈ ಇಡೀ ವಾದದಲ್ಲಿ ನಾನು ಮತ್ತೆ ಮತ್ತೆ ಮರಳುವುದು ಒಂದು ಅಧ್ಯಯನಕ್ಕೆ. 1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಚಂಡಮಾರುತ ಮಧ್ಯ ಅಮೆರಿಕಕ್ಕೆ ಅಪ್ಪಳಿಸಿ 11 ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಹೊಂಡುರಾಸಿನಲ್ಲಿ ಗುಡ್ಡಗಳೇ ಜರಿದು ಬಿದ್ದವು. ಮನೆ ಕಟ್ಟಲು ಉತ್ತರ ಅಮೆರಿಕದ ಚರ್ಚುಗಳಿಂದ ತಂಡಗಳು ಸಾಲುಗಟ್ಟಿ ಬಂದವು. ಅಲ್ಲಿ ದೀರ್ಘಕಾಲ ನೆಲೆಸಿದ್ದ ಕ್ಯಾಲ್ವಿನ್ ಕಾಲೇಜಿನ ಕರ್ಟ್ ವೆರ್ ಬೀಕ್ ಎರಡು ಕಡೆಗೂ ಹೋಗಿ ಕೇಳಿದ: ಕಟ್ಟಿಕೊಟ್ಟವರನ್ನೂ, ಕಟ್ಟಿಸಿಕೊಂಡವರನ್ನೂ. ವಿದೇಶಿ ತಂಡ ಕಟ್ಟಿದ ಮನೆಯಲ್ಲಿರುವವರನ್ನು, ಹೊಂಡುರಾಸಿನದೇ ಕ್ರೈಸ್ತ ಸಂಸ್ಥೆಗಳು ಕಟ್ಟಿದ ಮನೆಯಲ್ಲಿರುವವರ ಜೊತೆ ಹೋಲಿಸಿದ. ಫಲಿತಾಂಶ 2006ರಲ್ಲಿ ಪ್ರಕಟವಾಯಿತು.

ಕುಟುಂಬಗಳ ಬಾಳಿನಲ್ಲಿ, ನಂಬಿಕೆಯಲ್ಲಿ, ನೆರೆಹೊರೆಯ ಸಂಬಂಧದಲ್ಲಿ ಎರಡು ಬಗೆಯ ಮನೆಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಒಂದು ಮನೆಗೆ ತಗಲುತ್ತಿದ್ದುದು ಸುಮಾರು 2,000 ಡಾಲರ್. ಒಂದು ತಂಡ ಬಂದು ಹೋಗುವ ಖರ್ಚು ಅದರ ಹತ್ತು ಪಟ್ಟನ್ನೂ ಮೀರುತ್ತಿತ್ತು. ಬಂದವರ ಸ್ನೇಹವನ್ನು ಮನೆಯವರು ಪ್ರೀತಿಯಿಂದಲೇ ನೆನೆದರು. ಆದರೆ ಆ ಹಣವನ್ನು ಏನು ಮಾಡಬಹುದಿತ್ತು ಎಂದು ಕೇಳಿದಾಗ, ಇನ್ನಷ್ಟು ಮನೆಗಳಾಗುತ್ತಿದ್ದವು ಎಂಬ ಉತ್ತರ ಬಂತು. ತಾವು ಬದಲಾದೆವು, ಹೆಚ್ಚು ಪ್ರಾರ್ಥಿಸುತ್ತೇವೆ, ಹೆಚ್ಚು ಕೊಡುತ್ತೇವೆ ಎಂದ ಪ್ರವಾಸಿಗರ ಮಾತನ್ನೂ ಅವನು ಕಾಣಿಕೆಯ ದಾಖಲೆಗಳೊಡನೆ ತಾಳೆ ನೋಡಿದ. ಮಾತಿನ ಎತ್ತರಕ್ಕೆ ದಾಖಲೆ ಏರಲಿಲ್ಲ.

ಹೀಗಿದ್ದೂ ವೆರ್ ಬೀಕ್ ಪ್ರವಾಸಗಳನ್ನು ನಿಲ್ಲಿಸಿ ಎನ್ನಲಿಲ್ಲ. ಬಗ್ಗಿಸಿದ ಎಳೆಯ ಗಿಡವನ್ನು ಕೈಬಿಟ್ಟರೆ ಮೊದಲಿನಂತೆಯೇ ನೆಟ್ಟಗಾಗುತ್ತದೆ, ಕಟ್ಟಿ ಹಿಡಿದರೆ ಮಾತ್ರ ಹೊಸ ದಿಕ್ಕಿಗೆ ಬೆಳೆಯುತ್ತದೆ ಎಂದು ಅವನು ಹೇಳುತ್ತಾನೆ. ಮೊದಲೂ ಆಮೇಲೂ ಹಿಡಿದಿಡುವ ಏರ್ಪಾಡಿಲ್ಲದ ಪ್ರವಾಸದಿಂದ ಯಾರೂ ಬದಲಾಗುವುದಿಲ್ಲ.

ಈ ಅಧ್ಯಯನದ ನಂತರ ಹಣವನ್ನೇ ಕಳಿಸಬಾರದೇಕೆ ಎಂಬ ವಾದಕ್ಕೆ ಬಲ ಬಂತು. ಅದಕ್ಕೆ ಪ್ರವಾಸದ ಪರ ಇರುವವರ ಉತ್ತರವೂ ಗಟ್ಟಿಯಾದದ್ದೇ: ಪ್ರವಾಸವಿಲ್ಲದಿದ್ದರೆ ಆ ಹಣ ಕೂಡುತ್ತಲೇ ಇರಲಿಲ್ಲ. ಮೊಮ್ಮಗಳು ಹೊಂಡುರಾಸಿಗೆ ಹೋಗುತ್ತಾಳೆ ಎಂದರೆ ಅಜ್ಜಿ ದುಡ್ಡು ಕೊಡುತ್ತಾಳೆ. ಹೊಂಡುರಾಸಿಗೆ ದುಡ್ಡು ಕಳಿಸಿ ಎಂದರೆ ಕೊಡುವುದಿಲ್ಲ. ಇದು ನಿಜವಿರಬಹುದು. ಆದರೆ ಹೊಂಡುರಾಸಿನ ಕುಟುಂಬಕ್ಕೆ ಆ ಅಜ್ಜಿಯ ಮನಸ್ಸಿನ ಲೆಕ್ಕವನ್ನು ಹೊರುವ ಹೊಣೆ ಯಾಕೆ ಎಂಬ ಪ್ರಶ್ನೆ ನನ್ನಲ್ಲಿ ಉಳಿಯುತ್ತದೆ.

ಹಂಗು ಎಂಬ ಗಾಯ

2009ರಲ್ಲಿ ಸ್ಟೀವ್ ಕಾರ್ಬೆಟ್, ಬ್ರಯನ್ ಫಿಕರ್ಟ್ ಬರೆದ ‘ವೆನ್ ಹೆಲ್ಪಿಂಗ್ ಹರ್ಟ್ಸ್’ ಮತ್ತು 2011ರಲ್ಲಿ ರಾಬರ್ಟ್ ಲಪ್ಟನ್ ಬರೆದ ‘ಟಾಕ್ಸಿಕ್ ಚಾರಿಟಿ’ ಅಮೆರಿಕದ ಚರ್ಚುಗಳನ್ನು ಅಲುಗಿಸಿದವು. ಎರಡೂ ಪುಸ್ತಕಗಳ ವಾದ ಖರ್ಚಿನದಲ್ಲ, ಘನತೆಯದು. ಭೂಕಂಪವಾದ ಮರುದಿನ ಅನ್ನ ಹಂಚುವುದು ಸರಿ. ಆದರೆ ಅದೇ ಅನ್ನವನ್ನು ಹತ್ತು ವರ್ಷದ ನಂತರವೂ ಹಂಚುತ್ತಿದ್ದರೆ ಬಡವನ ಮೈಯಲ್ಲಿ ನಾನು ಕೈಲಾಗದವನು ಎಂಬ ನಂಬಿಕೆಯೂ, ಕೊಟ್ಟವನ ತಲೆಯಲ್ಲಿ ನಾನೇ ರಕ್ಷಕ ಎಂಬ ನಂಬಿಕೆಯೂ ಬೇರೂರುತ್ತವೆ.

ಈ ಚಿಂತನೆಯ ಆಳದಲ್ಲಿ ಒಬ್ಬ ಭಾರತೀಯ ಇದ್ದಾನೆ ಎಂಬುದು ಅಮೆರಿಕನ್ ಓದುಗರಲ್ಲೂ ಹಲವರಿಗೆ ತಿಳಿದಿಲ್ಲ. ಚೆನ್ನೈನಲ್ಲಿ ವರ್ಲ್ಡ್ ವಿಷನ್ ಜೊತೆ ದುಡಿದ ಜಯಕುಮಾರ್ ಕ್ರಿಶ್ಚಿಯನ್ 1999ರಲ್ಲಿ ‘ಗಾಡ್ ಆಫ್ ದಿ ಎಂಪ್ಟಿ ಹ್ಯಾಂಡೆಡ್’ ಬರೆದ. ಬಡವರ ಬಾಳನ್ನು ಹಿಡಿದಿಡುವುದು ಸಾಲ, ಜಾತಿ, ಅಧಿಕಾರಗಳಷ್ಟೇ ಅಲ್ಲ. ನೀನು ಇಷ್ಟೇ ಎಂದು ತಲೆಮಾರುಗಳಿಂದ ಹೇಳಿಸಿಕೊಂಡು ಕೊನೆಗೆ ತಾವೇ ನಂಬಿಬಿಟ್ಟ ಸುಳ್ಳೂ ಹೌದು ಎಂಬುದು ಅವನ ಮಾತು. ಊರಿನ ಧಣಿ ಬಡವನ ಬದುಕಿನಲ್ಲಿ ದೇವರ ಜಾಗದಲ್ಲಿ ಕೂರುತ್ತಾನೆ. ಎಚ್ಚರ ತಪ್ಪಿದರೆ ಸೇವಾ ಸಂಸ್ಥೆಯೂ ಅದೇ ಜಾಗದಲ್ಲಿ ಕೂರುತ್ತದೆ. 2000ದಲ್ಲಿ ದೀಪಾ ನಾರಾಯಣ್ ನೇತೃತ್ವದಲ್ಲಿ ವಿಶ್ವಬ್ಯಾಂಕು ಹೊರತಂದ ‘ವಾಯ್ಸಸ್ ಆಫ್ ದಿ ಪೂರ್’ 60 ಸಾವಿರಕ್ಕೂ ಹೆಚ್ಚು ಬಡವರ ಮಾತುಗಳನ್ನು ಕೂಡಿಸಿತು. ಅವರು ಹಸಿವಿನ ಜೊತೆಯಲ್ಲೇ ಅವಮಾನ, ನಾಚಿಕೆ, ತಮ್ಮ ಮಾತಿಗೆ ಬೆಲೆಯಿಲ್ಲದಿರುವುದನ್ನು ಹೇಳಿಕೊಂಡಿದ್ದರು.

ಎಲ್ ಸಾಲ್ವಡಾರಿನ ಹಳ್ಳಿಗಳಲ್ಲಿ ಮಕ್ಕಳಿಗೆ ಪುಕ್ಕಟೆ ಬೂಟು ಹಂಚಿದ ಕಾರ್ಯಕ್ರಮವನ್ನು ಅರ್ಥಶಾಸ್ತ್ರಜ್ಞ ಬ್ರೂಸ್ ವೈಡಿಕ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಬೂಟಿನಿಂದ ಆದ ಒಳಿತು ಅಲ್ಪವಾಗಿತ್ತು. ಆದರೆ ಬೂಟು ಪಡೆದ ಮಕ್ಕಳು, ನಮ್ಮ ಮನೆಯ ಅಗತ್ಯಗಳನ್ನು ಬೇರೆಯವರು ನೋಡಿಕೊಳ್ಳಬೇಕು ಎಂದು ಹೇಳುವ ಪ್ರಮಾಣ ಹೆಚ್ಚಿತ್ತು. ಈ ಒಂದು ಸಂಗತಿ ನನಗೆ ಎಷ್ಟೋ ಪುಟಗಳ ಉಪದೇಶಕ್ಕಿಂತ ಭಾರವಾಗಿ ತೋರಿತು.

ಈ ಪಂಥದ ಕೊರತೆಯೂ ಇದೆ. ಹಂಗು ಹುಟ್ಟೀತೆಂಬ ಭಯದಲ್ಲಿ ಕೈ ಹಿಂತೆಗೆಯುವುದು ಸುಲಭ. ಹಾಗೆ ಹಿಂತೆಗೆದವರಿಗೆ ಈ ಪುಸ್ತಕಗಳು ನೆಪವಾಗಿಯೂ ಒದಗಿವೆ. ದುಡಿದೇ ಉಣ್ಣಲಿ ಎಂದು ಉಪದೇಶಿಸುವ ಮುನ್ನ, ದುಡಿದರೂ ಉಣ್ಣಲಾಗದವರು ಇದ್ದಾರೆಂದು ನೆನೆಯಬೇಕು. 1976ರಲ್ಲಿ ಮಿಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಶುರುಮಾಡಿದ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ನಡುದಾರಿ ಹಿಡಿಯಿತು: ಮನೆಯವರೂ ಬೆವರು ಹರಿಸಬೇಕು, ಬಡ್ಡಿಯಿಲ್ಲದ ಸಾಲವನ್ನು ತೀರಿಸಬೇಕು. ಸಾಲ ತೀರಿಸಿದವನಿಗೆ ತಲೆ ಎತ್ತಿ ನಡೆಯುವ ಹಕ್ಕಿದೆ. ಕಂತು ಕಟ್ಟಲೂ ಆಗದ ಕಡುಬಡವನಿಗೆ ಮಾತ್ರ ಆ ಬಾಗಿಲು ತೆರೆಯುವುದಿಲ್ಲ.

ಬೇರನ್ನು ನೋಡಿ ಎನ್ನುವವರು

ಲ್ಯಾಟಿನ್ ಅಮೆರಿಕದ ದೇವತಾಶಾಸ್ತ್ರಜ್ಞರು ಪ್ರಶ್ನೆಯನ್ನೇ ತಿರುಗಿಸಿದರು. ಇಲಿಚ್ ಭಾಷಣ ಮಾಡಿದ ಅದೇ 1968ರಲ್ಲಿ ಕೊಲಂಬಿಯಾದ ಮೆಡೆಲಿನ್‌ನಲ್ಲಿ ಬಿಷಪ್ಪರು ಸೇರಿದರು. 1971ರಲ್ಲಿ ಪೆರುವಿನ ಗುಸ್ತಾವೊ ಗುಟಿಯೆರೆಜ್ ವಿಮೋಚನಾ ದೇವತಾಶಾಸ್ತ್ರದ ಕೃತಿ ತಂದ. ಬಡವರು ಕರುಣೆಯ ಪಾತ್ರೆಗಳಲ್ಲ, ಚರಿತ್ರೆಯನ್ನು ಬದಲಿಸುವವರು ಎಂಬುದು ಅದರ ನೆಲೆಗಟ್ಟು. ಪ್ರೊಟೆಸ್ಟಂಟರ ನಡುವೆ ರೆನೆ ಪಡಿಯಾ, ಸ್ಯಾಮುಯೆಲ್ ಎಸ್ಕೋಬರ್ 1974ರ ಲೌಸಾನ್ ಸಮ್ಮೇಳನದಲ್ಲಿ ಸುವಾರ್ತೆಯಿಂದ ಸಾಮಾಜಿಕ ನ್ಯಾಯವನ್ನು ಬೇರ್ಪಡಿಸಲಾಗದೆಂದು ಪಟ್ಟು ಹಿಡಿದರು.

ಈ ಪಂಥಕ್ಕೆ ಹೈಟಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1990ರ ದಶಕದ ನಡುವಿನಲ್ಲಿ ಹೈಟಿ ಹೊರಗಿನ ಒತ್ತಡಕ್ಕೆ ಮಣಿದು ಅಕ್ಕಿಯ ಆಮದು ಸುಂಕವನ್ನು ಶೇ. 3ಕ್ಕೆ ಇಳಿಸಿತು. ಸರ್ಕಾರದ ನೆರವಿನಲ್ಲಿ ಬೆಳೆದ ಅಮೆರಿಕದ ಅಗ್ಗದ ಅಕ್ಕಿ ನುಗ್ಗಿತು. ಆರ್ಟಿಬೊನಿಟ್ ಕಣಿವೆಯ ಭತ್ತದ ರೈತರು ಸೋತರು, ಪಟ್ಟಣದ ಕೊಳೆಗೇರಿಗಳು ತುಂಬಿದವು. 2010ರ ಮಾರ್ಚ್‌ನಲ್ಲಿ ಬಿಲ್ ಕ್ಲಿಂಟನ್ ಸೆನೆಟ್ ಸಮಿತಿಯ ಮುಂದೆ ಆ ನೀತಿ ತಪ್ಪಾಗಿತ್ತೆಂದು ಒಪ್ಪಿಕೊಂಡರು. ಅದೇ ಅಮೆರಿಕದ ಚರ್ಚುಗಳಿಂದ ಹೈಟಿಗೆ ಅಕ್ಕಿಯ ಚೀಲ ಹೊತ್ತ ತಂಡಗಳು ಹೋಗುತ್ತಿದ್ದವು. ಹೋದವರು ಕಪಟಿಗಳಲ್ಲ, ಕಣ್ಣೀರಿಟ್ಟವರು. ಆದರೆ ತಮ್ಮ ಊರಿನ ಪ್ರತಿನಿಧಿಗೆ ಒಂದು ಪತ್ರ ಬರೆದಿದ್ದರೆ ಆ ಚೀಲಕ್ಕಿಂತ ಹೆಚ್ಚು ಹೊಟ್ಟೆ ತುಂಬುತ್ತಿತ್ತೇನೋ.

ಈ ವಾದ ಕಾರಣಗಳನ್ನು ಚೆನ್ನಾಗಿ ಬಿಡಿಸುತ್ತದೆ. ಇಂದು ರಾತ್ರಿ ಸೋರುವ ಮಾಡಿಗೆ ಏನು ಮಾಡಬೇಕೆಂದು ಕೇಳಿದರೆ ಅದರ ಬಳಿ ಉತ್ತರ ಕಡಿಮೆ.

ಮಕ್ಕಳ ವಿಷಯದಲ್ಲಿ ಮೂಡಿದ ಒಮ್ಮತ

ಉಳಿದೆಲ್ಲ ಕಡೆ ಭಿನ್ನಮತ ಇದ್ದರೂ ಅನಾಥಾಲಯಗಳ ಭೇಟಿಯ ಬಗ್ಗೆ ವಾದ ಬಹುಮಟ್ಟಿಗೆ ಮುಗಿದಿದೆ. ಹೈಟಿಯ ಅನಾಥಾಲಯಗಳಲ್ಲಿರುವ ಸುಮಾರು 30 ಸಾವಿರ ಮಕ್ಕಳಲ್ಲಿ ಶೇ. 80ರಷ್ಟು ಮಕ್ಕಳಿಗೆ ತಾಯಿ ಅಥವಾ ತಂದೆ ಬದುಕಿದ್ದಾರೆಂದು ಲೂಮೋಸ್ ಸಂಸ್ಥೆಯ ವರದಿ ಹೇಳಿತು. ಆ ಮಕ್ಕಳನ್ನು ಅಲ್ಲಿಗೆ ತಂದದ್ದು ಬಡತನ. ತಂಡಗಳು ಬರುವುದರಿಂದ ಕಾಣಿಕೆ, ಕಾಣಿಕೆಯಿಂದ ಅನಾಥಾಲಯ, ಅನಾಥಾಲಯಕ್ಕೆ ಬೇಕಾದ ಮಕ್ಕಳು. 2010ರ ಜನವರಿ 12ರ ಹೈಟಿ ಭೂಕಂಪದ ಬಳಿಕ ಅಮೆರಿಕದ ಹತ್ತು ಮಂದಿ ಬ್ಯಾಪ್ಟಿಸ್ಟರು 33 ಮಕ್ಕಳನ್ನು ಕಾಗದಪತ್ರವಿಲ್ಲದೆ ಗಡಿ ದಾಟಿಸಲು ಹೋಗಿ ಸಿಕ್ಕಿಬಿದ್ದಾಗ ಹಲವು ಮಕ್ಕಳ ಹೆತ್ತವರು ಬದುಕಿರುವುದು ಬಯಲಾಯಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಅನಾಥಾಲಯ ಪ್ರವಾಸದಿಂದಾಗುವ ಹಾನಿಯನ್ನು ತನ್ನ ನಿರ್ಣಯದಲ್ಲಿ ಎತ್ತಿತು. ಒಂದು ವಾರ ಎತ್ತಿ ಆಡಿಸಿ ಹೊರಟುಹೋಗುವ ಅಪರಿಚಿತರನ್ನು ವರ್ಷಕ್ಕೆ ಹತ್ತಾರು ಬಾರಿ ಕಳೆದುಕೊಳ್ಳುವ ಮಗುವಿಗೆ ‘ಬೇಡ’ ಎನ್ನುವ ಮಾತೇ ಬರುವುದಿಲ್ಲ.

ಅಳೆದು ನೋಡಿದವರು

ಇತ್ತೀಚಿನ ಪಂಥ ಅರ್ಥಶಾಸ್ತ್ರಜ್ಞರದು. ವೈಡಿಕ್ ಮತ್ತು ಸಂಗಡಿಗರು ಭಾರತವೂ ಸೇರಿ ಆರು ದೇಶಗಳ 10,144 ಜನರನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದಂತೆ, ಕಂಪ್ಯಾಷನ್ ಎಂಬ ಕ್ರೈಸ್ತ ಸಂಸ್ಥೆಯ ಪ್ರಾಯೋಜನೆಯಲ್ಲಿ, ಹೆತ್ತವರ ಮನೆಯಲ್ಲೇ ಬೆಳೆದ ಮಕ್ಕಳು ಉಳಿದವರಿಗಿಂತ 1.03ರಿಂದ 1.46 ವರ್ಷ ಹೆಚ್ಚು ಓದಿದ್ದರು. ಅಲ್ಲಿ ಹಣ ನೀಡಿದವನು ದೂರದಲ್ಲಿರುತ್ತಾನೆ, ಜೊತೆ ನಡೆಯುವವರು ಊರಿನ ಸಭೆಯವರು. ಕಡುಬಡ ಕುಟುಂಬಗಳಿಗಾಗಿ 2002ರಲ್ಲಿ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ರೂಪಿಸಿದ ಕಾರ್ಯಕ್ರಮವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಆರು ದೇಶಗಳ 10,495 ಮನೆಗಳಲ್ಲಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ತಂದರು. ಹಸುವೋ ಮೇಕೆಯೋ ಒಂದು ಆಸ್ತಿ, ಕೆಲಕಾಲ ಊಟಕ್ಕೆ ಹಣ, ಉಳಿತಾಯ, ತರಬೇತಿ, ಎಲ್ಲಕ್ಕಿಂತ ಮುಖ್ಯವಾಗಿ ಸುಮಾರು ಎರಡು ವರ್ಷ ಮನೆಬಾಗಿಲಿಗೆ ಬಂದು ಕೂರುವ ಒಬ್ಬ ಕಾರ್ಯಕರ್ತ. ನೆರವು ಮುಗಿದ ಒಂದು ವರ್ಷದ ಮೇಲೂ ಆ ಮನೆಗಳ ಆದಾಯ, ಊಟ ಸುಧಾರಿಸಿಯೇ ಇತ್ತು. ಹೊಂಡುರಾಸಿನಲ್ಲಿ ಮಾತ್ರ ಹಲವರು ಕೋಳಿ ಆರಿಸಿಕೊಂಡರು, ಕೋಳಿಗಳು ರೋಗ ಬಂದು ಸತ್ತವು.

ಧರ್ಮಬೋಧನೆಯಿಂದಲೇ ಬಡತನ ಕರಗುತ್ತದೆಯೆ ಎಂಬುದನ್ನೂ ಪರೀಕ್ಷಿಸಿದ್ದಾರೆ. ಫಿಲಿಪ್ಪೀನ್ಸ್‌ನ 320 ಸಮುದಾಯಗಳ 6,276 ಕಡುಬಡ ಮನೆಗಳಲ್ಲಿ ನಡೆದ ಪ್ರಯೋಗದಲ್ಲಿ, ಕ್ರೈಸ್ತ ಮೌಲ್ಯಗಳ ಪಾಠ ಕೇಳಿದವರ ಭಕ್ತಿಯೂ ಆದಾಯವೂ ಆರು ತಿಂಗಳ ಬಳಿಕ ಹೆಚ್ಚಿತ್ತು. ಆದರೆ ಊಟ, ಆಸ್ತಿ, ಬಾಳಿನ ತೃಪ್ತಿ ಬದಲಾಗಿರಲಿಲ್ಲ, ನೆರೆಯವರಿಗಿಂತ ತಾವು ಬಡವರು ಎಂಬ ಭಾವ ಹೆಚ್ಚಿತ್ತು. 2021ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಎರಡೂ ಕಡೆಯವರು ತಮ್ಮದೆಂದುಕೊಂಡಿದ್ದಾರೆ.

ಆಮಿಷದ ಪ್ರಶ್ನೆ

ನಮ್ಮ ದೇಶದಲ್ಲಿ ಈ ಚರ್ಚೆಗೆ ಇನ್ನೊಂದು ಅಂಚಿದೆ. ಆಸ್ಪತ್ರೆ, ಶಾಲೆಗಳ ಸೇವೆಯನ್ನು ಮತಾಂತರಕ್ಕೆ ಏಣಿ ಮಾಡಿಕೊಳ್ಳುವುದನ್ನು ಗಾಂಧೀಜಿ 1930ರ ದಶಕದುದ್ದಕ್ಕೂ ವಿರೋಧಿಸಿದರು. ಪ್ರಚಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕದ 2022ರ ಮತಾಂತರ ಕಾಯ್ದೆ ಆಮಿಷದ ವ್ಯಾಖ್ಯೆಯೊಳಗೆ ಉಡುಗೊರೆ, ಕೆಲಸ, ಉಚಿತ ಶಿಕ್ಷಣವನ್ನೂ ತಂದಿತು. ಮರುವರ್ಷ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ವಿದೇಶಿ ಹಣದ ನಿಯಮಗಳು ಬಿಗಿಯಾಗಿ, ಸುಮಾರು 1.45 ಲಕ್ಷ ಮಕ್ಕಳನ್ನು ಪೋಷಿಸುತ್ತಿದ್ದ ಅದೇ ಕಂಪ್ಯಾಷನ್ 2017ರ ಮಾರ್ಚ್‌ನಲ್ಲಿ ಭಾರತದಿಂದ ಹೊರಟಿತು.

ಆಮಿಷದ ಆಕ್ಷೇಪದಲ್ಲಿ ಹುರುಳಿದೆ. ಕ್ಲಫ್ ಅದನ್ನು ಯಾವ ಕಾನೂನೂ ಇಲ್ಲದ ಕಾಲದಲ್ಲಿ ತಾನಾಗಿಯೇ ಅರಿತಿದ್ದ. ಆದರೆ ಬಡವನಿಗೆ ಸ್ವಂತ ಮನಸ್ಸೇ ಇಲ್ಲ, ಅಕ್ಕಿ ಕಂಡರೆ ದೇವರನ್ನು ಮಾರುತ್ತಾನೆ ಎಂಬ ತಿಳಿವಳಿಕೆಯೂ ಆ ಆಕ್ಷೇಪದೊಳಗೆ ಸೇರಿಕೊಂಡಾಗ ನನಗೆ ನೋವಾಗುತ್ತದೆ. ಜಾತಿಯ ಅವಮಾನದಿಂದ ಹೊರಬರಲು ಹೊಸ ದೇವರನ್ನು ಆರಿಸಿಕೊಂಡವರ ಆಯ್ಕೆಯನ್ನು ಒಂದು ಚೀಲ ಅಕ್ಕಿಯ ಬೆಲೆಗೆ ಇಳಿಸುವುದು ಅವರ ಮೇಲೆ ಇನ್ನೊಂದು ಅವಮಾನ. ‘ಬೇಡ’ ಎನ್ನುವ ಹಕ್ಕು ಇರುವವನಿಗೆ ‘ಬೇಕು’ ಎನ್ನುವ ಹಕ್ಕೂ ಇರಬೇಕು.

ಇತ್ಯರ್ಥವಾಗದೆ ಉಳಿದದ್ದು

ತಂಡ ಬಂದದ್ದರಿಂದ ಹುಟ್ಟಿದ ಸ್ನೇಹಕ್ಕೆ ಬೆಲೆ ಕಟ್ಟುವ ಬಗೆ ಇನ್ನೂ ಯಾರಿಗೂ ಒಪ್ಪಿಗೆಯಾಗುವಂತೆ ಸಿಕ್ಕಿಲ್ಲ. ಹೊಂಡುರಾಸಿನ ಮನೆಯವರು ಸ್ನೇಹವನ್ನೂ ನೆನೆದರು, ಹಣವೇ ಬಂದಿದ್ದರೆ ಎಂದೂ ಹೇಳಿದರು. ಈ ಎರಡು ಮಾತುಗಳಲ್ಲಿ ಯಾವುದಕ್ಕೆ ಹೆಚ್ಚು ತೂಕ ಕೊಡಬೇಕು?

ಈಗ ಹೋಗುವವರು ಶ್ರೀಮಂತ ದೇಶದವರಷ್ಟೇ ಅಲ್ಲ. ಕೊರಿಯಾ, ಬ್ರೆಜಿಲ್, ನೈಜೀರಿಯಾದ ಸಭೆಗಳೂ ಹೊರಡುತ್ತವೆ. ದಕ್ಷಿಣ ಭಾರತದ, ಈಶಾನ್ಯ ರಾಜ್ಯಗಳ ಸಭೆಗಳು ಉತ್ತರದ ಹಳ್ಳಿಗಳಿಗೆ ಹೋಗುತ್ತವೆ. ಮಕೆದೋನ್ಯದವರಂತೆ ಬಡವರೇ ಬಡವರ ಬಳಿಗೆ ಹೋದಾಗ ಹಂಗು ಕಡಿಮೆಯಾಗುತ್ತದೆಯೆ, ಅಥವಾ ಜಾತಿ, ಭಾಷೆ, ಪಟ್ಟಣದ ಠೀವಿಗಳು ಆ ಜಾಗವನ್ನು ತುಂಬುತ್ತವೆಯೆ? ಎರಡು ವರ್ಷ ವಾರವಾರವೂ ಬಾಗಿಲಿಗೆ ಬರುವ ಒಬ್ಬ ಸ್ಥಳೀಯ ಕಾರ್ಯಕರ್ತೆಯ ಕೆಲಸದೊಳಗೆ ಒಂದು ವಾರಕ್ಕೆ ಬರುವ ಇಪ್ಪತ್ತು ಜನಕ್ಕೆ ಗೌರವದ ಒಂದು ಜಾಗವಿದೆಯೆ ಎಂಬುದೂ ತೀರ್ಮಾನವಾಗಿಲ್ಲ.

ಇನ್ನೂ ಒಂದಿದೆ. ಈವರೆಗಿನ ಅಧ್ಯಯನಗಳು ಮನೆ ಪಡೆದವರನ್ನು ಕೇಳಿವೆ, ಬೂಟು ತೊಟ್ಟವರನ್ನು ಕೇಳಿವೆ. ತಂಡ ಬರುತ್ತದೆ ಎಂದಾಗ, ನಮಗೆ ಬೇಡ, ಪಕ್ಕದವರಿಗೆ ಕಟ್ಟಿಕೊಡಿ ಎಂದು ಬಾಗಿಲು ಹಾಕಿಕೊಂಡ ಕುಟುಂಬವೊಂದು ಆ ಗುಡ್ಡದ ಮೇಲೆ ಇದ್ದಿರಬಹುದು. ಆ ಮನೆಯವರು ಯಾಕೆ ಹಾಗೆಂದರು, ಆಮೇಲೆ ಅವರ ಮಾಡು ಏನಾಯಿತು ಎಂದು ಹೋಗಿ ಕೇಳುವ ಕೆಲಸ ಬಾಕಿಯಿದೆ.